ಕ್ಲಾಸಲ್ಲಿ ಸರಿ ಉತ್ತರ, ಬಸ್ ಸ್ಟಾಪಲ್ಲಿ ಯಾಕೆ ತಲೆಕೆಳಗು?

ಪ್ರಶ್ನೆ: ಸೌಮ್ಯ ಬೌದ್ಧಿಕ ವೈಕಲ್ಯ ಇರುವ 14–17ರ ಮಕ್ಕಳು "ಸಿಗರೇಟು ಕೊಟ್ರೆ ಬೇಡ ಅಂತೀನಿ" ಅಂತ ಥಟ್ಟನೆ ಹೇಳ್ತಾರೆ. ಗೆಳೆಯರು ಕೈಗಿಟ್ಟರೆ ತಗೊಂಡೇಬಿಡ್ತಾರೆ. ಎಲ್ಲಿ ತಪ್ತಿದೆ?

ಉತ್ತರ 1: ತಿಳಿವಳಿಕೆಯ ಕೊರತೆಯಷ್ಟೇ ಅಲ್ಲ ಸರ್. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 306 ಜನರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟಿದ್ದರು. ಪಕ್ಕದಲ್ಲಿ ಗೆಳೆಯರಿದ್ದಾಗ ಹದಿಹರೆಯದವರ ದುಡುಕು ದೊಡ್ಡವರಿಗಿಂತ ಬಹಳ ಜಾಸ್ತಿಯಾಯಿತು. ಅದು ಎಲ್ಲ ಮಕ್ಕಳ ಪಾಡು. ನಮ್ಮ ಮಕ್ಕಳಿಗೆ ಗೆಳೆಯರೇ ಕಮ್ಮಿ, ಇರೋ ಒಬ್ಬನೂ ಕೈಬಿಟ್ಟರೆ ಅನ್ನೋ ಭಯ ಬೇರೆ.

ಉತ್ತರ 2: ಬಾಯಲ್ಲಿ ಕಲಿಸಿದ್ದು ಬಾಯಲ್ಲೇ ಉಳಿಯುತ್ತೆ. ಮೂರೇ ಹೆಜ್ಜೆ ಇಟ್ಟುಕೊಳ್ಳಿ: "ಬೇಡ" ಅನ್ನು, ಅಲ್ಲಿಂದ ಹೊರಡು, ದೊಡ್ಡವರಿಗೆ ಹೇಳು. ಮೊದಲು ನೀವು ಮಾಡಿ ತೋರಿಸಿ, ಆಮೇಲೆ ಮಗು ಮಾಡಲಿ, ತಪ್ಪಿದ ಹೆಜ್ಜೆಯನ್ನಷ್ಟೇ ತಕ್ಷಣ ತಿದ್ದಿ ಮತ್ತೆ ಮಾಡಿಸಿ. ಸತತ ಮೂರು ಸಲ ಸರಿಯಾದರೆ ಮನೆಯವರ ಒಪ್ಪಿಗೆ ಪಡೆದು ಹೊರಗಡೆ, ಮುನ್ಸೂಚನೆ ಕೊಡದೆ ಪರೀಕ್ಷಿಸಿ. ಸಿಗರೇಟಿನ ಬದಲು ಖಾಲಿ ಪ್ಯಾಕ್ ಸಾಕು. ಯಾವಾಗಲೂ ಟೀಚರೇ "ಕೆಟ್ಟ ಗೆಳೆಯ"ನ ಪಾತ್ರ ಮಾಡಿದರೆ ಮಗು ಟೀಚರ್‌ಗೆ ಬೇಡ ಅನ್ನೋದನ್ನ ಮಾತ್ರ ಕಲಿಯುತ್ತೆ. ಅದೇ ವಯಸ್ಸಿನವರನ್ನ ಕರೆಸಿ. "ಹೆದರ್ತೀಯೇನೋ?", "ಒಂದೇ ಒಂದು ಸಲ ಕಣೋ" ಅನ್ನೋ ಮಾತುಗಳೂ ಬರಲಿ, ಮಕ್ಕಳು ಸೋಲೋದು ಅಲ್ಲೇ.

ಉತ್ತರ 3: ಒಂದು ಸೇರಿಸ್ತೀನಿ. ಏನಾಯ್ತು ಅಂತ ವಿಚಾರಿಸುವಾಗ "ಅವನು ಬಲವಂತ ಮಾಡಿದ್ನಾ?" ಅನ್ನಬೇಡಿ, ಎಷ್ಟೋ ಮಕ್ಕಳು ಕೇಳಿದ್ದಕ್ಕೆಲ್ಲ ಹೂಂ ಅಂತಾರೆ. "ಅವನು ಏನಂದ? ನೀನು ಏನ್ಮಾಡ್ದೆ?" ಅಂತ ಕೇಳಿ. ಹಾಗೇ "ಅವನ ಜೊತೆ ಸೇರಬೇಡ" ಅಂತ ತಡೆದರೆ ಮುಂದಿನ ಸಲ ಮುಚ್ಚಿಡ್ತಾರೆ, ಅಷ್ಟೇ.