ಅಗ್ಗದ ಬೋಗಿ ಓಡಿಸಿದರೆ ಅದು ಮಾಡೆಲ್ ರೈಲು ಅಲ್ವಾ?

'ಉದ್ದನೆಯ ಗೂಡ್ಸ್' ಅನ್ನುವ ಹೆಸರಿನ ಸದಸ್ಯರು ಕೇಳಿದ ಪ್ರಶ್ನೆ:

ನಮಸ್ಕಾರ ಎಲ್ಲರಿಗೂ. ನನ್ನ ಹತ್ತಿರ ಎಚ್‌ಒ ಅಳತೆಯ ಒಂದು ಒಳ್ಳೆಯ ಡೀಸೆಲ್ ಇಂಜಿನ್ ಇದೆ. ಅದರ ಹಿಂದೆ ಓಡುವುದೆಲ್ಲ ಸ್ಟಾರ್ಟರ್ ಸೆಟ್‌ಗಳಲ್ಲಿ ಬರುವಂಥ ಅಗ್ಗದ ಗೂಡ್ಸ್ ಬೋಗಿಗಳು. ಅದರಲ್ಲೂ ಅರ್ಧ ಸೆಕೆಂಡ್ ಹ್ಯಾಂಡ್. ಪ್ಲಾಸ್ಟಿಕ್ ಚಕ್ರ, ಪಳಪಳ ಹೊಳೆಯುವ ಕೆಂಪು, ಹಳದಿ ಬಣ್ಣ. ಏಣಿಗೂ ಹಿಡಿಕೆಗೂ ಬೇರೆ ತಂತಿ ಕೂರಿಸಿಲ್ಲ, ಗೋಡೆಯ ಮೇಲೇ ಗೆರೆಯ ಹಾಗೆ ಉಬ್ಬಿಕೊಂಡಿವೆ. ಬಾಗಿಲು ತೆರೆಯುವುದಿಲ್ಲ.

ನನಗೆ ಉದ್ದನೆಯ ಗೂಡ್ಸ್ ಅಂದರೆ ಪ್ರಾಣ. ಇಂಜಿನ್ ಆ ತಿರುವಿನಲ್ಲಿದ್ದರೆ ಕೊನೆಯ ಬೋಗಿ ಈ ತಿರುವಿನಲ್ಲಿರಬೇಕು. ಅದೇ ದುಡ್ಡಿಗೆ ಸೂಕ್ಷ್ಮ ಕೆಲಸದ ಬೋಗಿ ಕೊಂಡರೆ ಕೈಗೆ ಬರುವುದು ನಾಲ್ಕೋ ಐದೋ. ಇದೇ ಹವ್ಯಾಸದ ಗೆಳೆಯರೊಬ್ಬರು ನನ್ನ ರೈಲು ನೋಡಿ, "ಇದು ಆಟಿಕೆ, ಮಾಡೆಲ್ ಅಲ್ಲ. ಎಲ್ಲ ಮಾರಿ ಸರಿಯಾದ ನಾಲ್ಕು ಬೋಗಿ ತಗೊಳ್ಳಿ" ಅಂದರು. ಹತ್ತಿರದಿಂದ ನೋಡಿದರೆ ಅವರು ಹೇಳುವ ವ್ಯತ್ಯಾಸ ನನಗೂ ಕಾಣುತ್ತದೆ. ಆದರೆ ನಾಲ್ಕೇ ಬೋಗಿ ಕಟ್ಟಿಕೊಂಡು ಹೊರಟರೆ ಗೂಡ್ಸ್ ನೋಡಿದ ಖುಷಿ ಎಲ್ಲಿಂದ ಬರಬೇಕು?

ಇನ್ನೊಂದು ತೊಂದರೆಯೂ ಇದೆ. ಮುಂದಕ್ಕೆ ಎಳೆದರೆ ಎಲ್ಲ ಸರಿ. ಹಿಂದಕ್ಕೆ ತಳ್ಳಿದರೆ ಮಧ್ಯದ ಬೋಗಿಗಳು ಹಳಿ ತಪ್ಪುತ್ತವೆ. ತಿರುವಿನ ತ್ರಿಜ್ಯ 18 ಇಂಚು. ಈ ಬೋಗಿಗಳನ್ನು ಇಟ್ಟುಕೊಂಡೇ ಮುಂದುವರಿಯಬಹುದಾ, ಅಥವಾ ಗೆಳೆಯರ ಮಾತು ಕೇಳಲಾ?

---

ರಿವೆಟ್ ಲೆಕ್ಕ ಅವರ ಉತ್ತರ:

ನಾನು ನಿಮ್ಮ ಗೆಳೆಯರ ಪಕ್ಷ. ಕಡಿಮೆ ಕೊಳ್ಳಿ, ಸರಿಯಾದದ್ದು ಕೊಳ್ಳಿ. ಒಂದು ಕಾಲಘಟ್ಟ ಆರಿಸಿಕೊಂಡು ಅದಕ್ಕೆ ಹೊಂದುವ ಬೋಗಿಗಳನ್ನು ಮಾತ್ರ ಇಟ್ಟುಕೊಂಡರೆ ಅದರ ಸುಖವೇ ಬೇರೆ. ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಬಾಕ್ಸ್ ಕಾರ್ ಅಂದರೆ ಮುಚ್ಚಿದ ಗೂಡ್ಸ್ ಬೋಗಿ. ಅಲ್ಲಿನ ಹಳೆಯ ಬಾಕ್ಸ್ ಕಾರ್‌ಗಳ ಛಾವಣಿಯ ಮೇಲೆ ಸಿಬ್ಬಂದಿ ನಡೆದಾಡಲು ಉದ್ದಕ್ಕೂ ಹಲಗೆ ಇರುತ್ತಿತ್ತು. 1966ರಿಂದ ಈಚೆಗೆ ಹೊಸದಾಗಿ ಕಟ್ಟಿದ ಬಾಕ್ಸ್ ಕಾರ್‌ಗಳಿಗೆ ಅದನ್ನು ಹಾಕುವುದು ನಿಂತಿತು. ಅಗ್ಗದ ಸೆಟ್‌ಗಳಲ್ಲಿ ಈಚಿನ ಕಂಪನಿಯ ಲೋಗೊ ಇರುತ್ತದೆ, ಮೇಲೆ ಅದೇ ಹಳೆಯ ಹಲಗೆ ಕೂತಿರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಅದನ್ನು ಕಾಣದ ಹಾಗೆ ಇರುವುದು ಕಷ್ಟ.

ಹಾಗಂತ ಎಲ್ಲ ಒಂದೇ ಸಲ ಮಾರಬೇಡಿ. ಒಂದೊಂದಾಗಿ ಬದಲಿಸುತ್ತಾ ಹೋಗಿ.

---

ನಿಧಾನ ಸಿಗ್ನಲ್ ಅವರ ಉತ್ತರ:

ಒಂದನ್ನೂ ಮಾರಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಎಚ್‌ಒ ಅಂದರೆ ನಿಜದ 87ರಲ್ಲಿ ಒಂದು ಪಾಲು. ನಿಮ್ಮ 18 ಇಂಚಿನ ತಿರುವನ್ನು 87ರಿಂದ ಗುಣಿಸಿ ನೋಡಿ, 40 ಮೀಟರ್ ತ್ರಿಜ್ಯ ಬರುತ್ತದೆ. ಅಷ್ಟು ಬಿಗಿ ತಿರುವಿಗೆ ನಿಜವಾದ ಮುಖ್ಯ ಮಾರ್ಗದ ಗೂಡ್ಸ್ ನುಗ್ಗುವುದೇ ಇಲ್ಲ. 40 ಅಡಿಯ ಬಾಕ್ಸ್ ಕಾರ್ ಎಚ್‌ಒದಲ್ಲಿ 14 ಸೆಂಟಿಮೀಟರ್. ಅಂಥ 100 ಬೋಗಿ ಜೋಡಿಸಿದರೆ ಕೊಂಡಿಯ ಜಾಗವೂ ಸೇರಿ ಸುಮಾರು 15 ಮೀಟರ್. ಮನೆಯಲ್ಲಿ ಅಷ್ಟು ಜಾಗ ಯಾರಿಗಿದೆ? ಸೆಟ್‌ಗಳ ಜೊತೆ ಬರುವ ಕೋಡ್ 100 ಹಳಿಯ ಎತ್ತರ 2.54 ಮಿಲಿಮೀಟರ್. 87ರಿಂದ ಗುಣಿಸಿದರೆ 22 ಸೆಂಟಿಮೀಟರ್ ಎತ್ತರದ ಹಳಿ. ಅದೂ ತೀರಾ ದಪ್ಪವೇ. ರಿವೆಟ್ ಲೆಕ್ಕ ಅವರ ಲೇಔಟ್ (ಹಳಿ ಹಾಸಿ ಕಟ್ಟಿದ ಪುಟ್ಟ ರೈಲು ಲೋಕ) ಆಗಲಿ, ನಿಮ್ಮದಾಗಲಿ, ನನ್ನದಾಗಲಿ, ಎಲ್ಲರೂ ಎಲ್ಲೋ ಒಂದು ಕಡೆ ಬಿಟ್ಟುಕೊಟ್ಟೇ ಇರುತ್ತಾರೆ. ಏಣಿಯ ಗೆರೆಯಲ್ಲಿ ಬಿಟ್ಟುಕೊಟ್ಟರೆ ಮಾತ್ರ ಅದು ಆಟಿಕೆ, ತಿರುವಿನಲ್ಲಿ ಬಿಟ್ಟುಕೊಟ್ಟರೆ ಮಾಡೆಲ್ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ಪ್ರಕಾರ ರೈಲು ನಿಜ ಅನ್ನಿಸುವುದು ಮೊದಲು ಓಟದಲ್ಲಿ, ಆಮೇಲೆ ನೋಟದಲ್ಲಿ. ಗಂಟೆಗೆ 60 ಕಿಲೋಮೀಟರ್ ಓಡುವ ಗೂಡ್ಸ್ ಎಚ್‌ಒದಲ್ಲಿ ಸೆಕೆಂಡಿಗೆ 19 ಸೆಂಟಿಮೀಟರ್ ಮಾತ್ರ ಹೋಗಬೇಕು. ಅಂದರೆ ಒಂದು ಮೀಟರ್ ದಾಟಲು 5 ಸೆಕೆಂಡಿಗಿಂತ ಜಾಸ್ತಿ. ಸೆಕೆಂಡಿಗೆ ಒಂದು ಮೀಟರ್ ಓಡಿಸಿದಿರೋ, ಅದು ಗಂಟೆಗೆ 300 ಕಿಲೋಮೀಟರ್ ದಾಟಿತು ಅಂತ ಲೆಕ್ಕ. ಹಳಿಯ ಪಕ್ಕ ಒಂದು ಮೀಟರ್ ಗುರುತು ಹಾಕಿಕೊಂಡು, ವಾಚ್ ನೋಡಿಕೊಂಡು ಕಂಟ್ರೋಲರ್ ತಿರುಗಿಸಿ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಅದೇ ಕೆಂಪು, ಹಳದಿ ಬೋಗಿಗಳು ಇದ್ದಕ್ಕಿದ್ದ ಹಾಗೆ ಭಾರ ಹೊತ್ತು ಹೋಗುವಂತೆ ಕಾಣುತ್ತವೆ.

ಈಗ ಹಳಿ ತಪ್ಪುವ ವಿಷಯ. ನನ್ನ ಅಂದಾಜು ಸರಿಯಿದ್ದರೆ ನಿಮ್ಮ ಬೋಗಿಗಳ ಕೊಂಡಿ ಬೋಗಿಯ ತಳಕ್ಕೆ ಕೂತಿಲ್ಲ, ಚಕ್ರ ಹಿಡಿದಿರುವ ಫ್ರೇಮಿಗೇ ಅಂಟಿಕೊಂಡಿದೆ. ಬಿಗಿ ತಿರುವಿನಲ್ಲಿ ಎಳೆಯುವಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಸೆಟ್‌ಗಳಲ್ಲಿ ಹಾಗೆ ಮಾಡುತ್ತಾರೆ. ಆದರೆ ಹಿಂದಕ್ಕೆ ತಳ್ಳಿದಾಗ ಆ ಒತ್ತಡವೆಲ್ಲ ನೇರ ಫ್ರೇಮಿನ ಮೇಲೆ ಬೀಳುತ್ತದೆ. ಫ್ರೇಮ್ ಪಕ್ಕಕ್ಕೆ ತಿರುಗುತ್ತದೆ, ಚಕ್ರ ಹಳಿ ಹತ್ತುತ್ತದೆ. ಬೋಗಿ ಹಗುರ ಇದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ಮೊದಲು ತೂಕ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ 1935ರಿಂದ ಇದೆ. ಅವರು ಬೋಗಿಯ ತೂಕಕ್ಕೆ ಒಂದು ಸೂತ್ರ ಕೊಟ್ಟಿದ್ದಾರೆ. ಎಚ್‌ಒಗೆ 1 ಔನ್ಸ್, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನಿಮ್ಮ 14 ಸೆಂಟಿಮೀಟರ್ ಬೋಗಿ ಸುಮಾರು ಐದೂವರೆ ಇಂಚು, ಅಂದರೆ 105 ಗ್ರಾಂ ಹತ್ತಿರ ಬರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿ. ಅಗ್ಗದ ಬೋಗಿ ಅದಕ್ಕಿಂತ ತುಂಬಾ ಕಡಿಮೆ ತೂಗುವುದು ಸಾಮಾನ್ಯ. ಛಾವಣಿ ಬಿಚ್ಚಿ ಒಳಗೆ ನೆಲಕ್ಕೆ ಕಬ್ಬಿಣದ ವಾಷರ್‌ಗಳನ್ನು ಅಂಟಿಸಿ. ಎರಡು ತುದಿಗೂ ಸಮನಾಗಿ, ಆದಷ್ಟು ಕೆಳಗೆ. ಒಂದು ಎಚ್ಚರಿಕೆ: ಲೇಔಟಿನಲ್ಲಿ ಕಡಿದಾದ ಏರು ಇದ್ದರೆ ಎಲ್ಲ ಬೋಗಿಗೂ ಪೂರ್ತಿ ತೂಕ ತುಂಬಬೇಡಿ, ಇಂಜಿನ್ ಸೋತು ಹೋಗುತ್ತದೆ.

ಎರಡನೆಯದು ಚಕ್ರ. ನಿಜವಾದ 33 ಇಂಚಿನ ಗೂಡ್ಸ್ ಚಕ್ರ ಎಚ್‌ಒದಲ್ಲಿ 9.6 ಮಿಲಿಮೀಟರ್. ಆ ಅಳತೆಯ ಲೋಹದ ಚಕ್ರಗಳು ಬೋಗಿಯಿಂದ ಬೇರೆಯಾಗಿ ಸಿಗುತ್ತವೆ. ಹಳೆಯ ಪ್ಲಾಸ್ಟಿಕ್ ಚಕ್ರ ಕೊಳೆ ಹಿಡಿದು ಹಳಿಗೂ ಬಳಿಯುತ್ತದೆ, ಲೋಹದ್ದು ಅಷ್ಟು ಕೊಳೆ ಹಿಡಿಯುವುದಿಲ್ಲ. ಕೊಳ್ಳುವ ಮೊದಲು ಎರಡು ಚಕ್ರ ಜೋಡಿಸುವ ಅಚ್ಚಿನ (ಆಕ್ಸಲ್) ಉದ್ದ ಅಳೆಯಿರಿ, ಎಲ್ಲ ಫ್ರೇಮಿಗೂ ಒಂದೇ ಉದ್ದ ಆಗುವುದಿಲ್ಲ. ಹಾಕಿದ ಮೇಲೆ ಬೋಗಿಯನ್ನು ಸ್ವಲ್ಪವೇ ಇಳಿಜಾರಾದ ಹಳಿಯ ಮೇಲೆ ಬಿಡಿ. ತಾನಾಗಿ ಹೊರಟರೆ ಸರಿ. ಜೋಡಿ ಲೋಹದ ಚಕ್ರ ಹಳಿಯ ಸಂದು ದಾಟುವಾಗ ಬರುವ ಟಕ್ ಟಕ್ ಸದ್ದು ಕೇಳಿದರೆ ನಿಮಗೇ ಗೊತ್ತಾಗುತ್ತದೆ, ಆ ಸದ್ದಿಗೆ ಯಾವ ಸೂಕ್ಷ್ಮ ಏಣಿಯೂ ಸಮ ಅಲ್ಲ.

ಆಮೇಲೆ ಕೊಂಡಿ. ಸೆಟ್ಟಿನ ಕೊಂಡಿ ತೆಗೆದು, ಕೇಡೀ ಕಂಪನಿಯ ತರಹದ, ಮಡಚಿದ ಬೆರಳಿನ ಹಾಗೆ ಒಂದನ್ನೊಂದು ಹಿಡಿಯುವ ಗೆಣ್ಣಿನ ಕೊಂಡಿಯನ್ನು ಬೋಗಿಯ ತಳಕ್ಕೇ ಸ್ಕ್ರೂ ಹಾಕಿ ಕೂರಿಸಿ. ಹಳಿಯ ಮೇಲ್ಮೈಯಿಂದ ಕೊಂಡಿಯ ಮಧ್ಯಕ್ಕೆ 9.9 ಮಿಲಿಮೀಟರ್ ಎತ್ತರ ಇರಬೇಕು. ಇದರಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಏರು ಶುರುವಾಗುವ ಕಡೆ ರೈಲು ತುಂಡಾಗುತ್ತದೆ. 40 ಅಡಿ ಬೋಗಿಗಳಿಗೆ 18 ಇಂಚಿನ ತಿರುವಿನಲ್ಲಿ ತಳದ ಕೊಂಡಿ ತೊಂದರೆ ಕೊಡುವುದಿಲ್ಲ.

ಇಷ್ಟಾದ ಮೇಲೆ ಬಣ್ಣ. ಬೋಗಿ ಆಟಿಕೆ ಅನ್ನಿಸಲು ದೊಡ್ಡ ಕಾರಣ ಆ ಹೊಳಪು. ಮ್ಯಾಟ್ ವಾರ್ನಿಷ್ ತೆಳ್ಳಗೆ ಸ್ಪ್ರೇ ಮಾಡಿ, ಮೊದಲು ಒಳಗಡೆ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ. ಒಣಗಿದ ಮೇಲೆ ಕಂದು ಮತ್ತು ಕಪ್ಪು ಚಾಕ್ ಪೀಸನ್ನು ಬ್ಲೇಡಿನಿಂದ ಕೆರೆದು, ಆ ಪುಡಿಯನ್ನು ಮೆತ್ತನೆಯ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಎಳೆಯಿರಿ. ಮಳೆ ನೀರು ಹರಿಯುವ ದಿಕ್ಕು ಅದೇ ಅಲ್ವಾ. ಪುಡಿ ಉದುರದಿರಲು ಮತ್ತೊಂದು ಸಲ ಮ್ಯಾಟ್ ಹೊಡೆಯುವಾಗ ಅರ್ಧ ಬಣ್ಣ ಮಾಯವಾಗುತ್ತದೆ, ಹಾಗಾಗಿ ಮೊದಲೇ ಸ್ವಲ್ಪ ಜಾಸ್ತಿ ಬಳಿಯಿರಿ. ಚಕ್ರದ ಮುಖಕ್ಕೆ ತುಕ್ಕಿನ ಬಣ್ಣ ಹಚ್ಚಿ, ಆದರೆ ಹಳಿಗೆ ತಾಗುವ ಅಂಚಿಗೂ ಅಚ್ಚಿನ ತುದಿಗೂ ಬೇಡ.

ಇನ್ನೊಂದು ಮರೆತಿದ್ದೆ. ಒಂದೇ ಸೆಟ್ಟಿನ ಬೋಗಿಗಳ ಮೇಲೆ ಒಂದೇ ನಂಬರ್ ಇದ್ದರೆ ಒಂದಂಕಿ ಬದಲಿಸಿ, ಅಥವಾ ಆ ಜಾಗದಲ್ಲಿ ಕೊಳೆ ಬಳಿಯಿರಿ. ಉದ್ದನೆಯ ಗೂಡ್ಸ್‌ನಲ್ಲಿ ಏಣಿ ಯಾರಿಗೂ ಕಾಣುವುದಿಲ್ಲ, ಒಂದೇ ನಂಬರ್ ಮತ್ತೆ ಮತ್ತೆ ಬಂದರೆ ತಟ್ಟನೆ ಕಾಣುತ್ತದೆ.

---

ಮೂರನೇ ಹಳಿ ಅವರ ಉತ್ತರ:

ನಮ್ಮ ಮನೆಯಲ್ಲಿ ಓಡುವುದು ಎಚ್‌ಒಗಿಂತ ದೊಡ್ಡದಾದ ಓ ಗೇಜ್, ಅದೂ ಮಧ್ಯದಲ್ಲಿ ಮೂರನೇ ಹಳಿ ಇರುವ ಲಯನೆಲ್ ಕಂಪನಿಯ ಮಾದರಿ. ನಿಜವಾದ ರೈಲಿಗೆ ಅಂಥ ಹಳಿ ಇರುವುದಿಲ್ಲ. ಆದರೆ ಕರೆಂಟಿನ ಲೆಕ್ಕದಲ್ಲಿ ಹೊರಗಿನ ಎರಡೂ ಹಳಿ ಒಂದೇ ಆಗಿರುವುದರಿಂದ ರೈಲು ಸುತ್ತಿ ಬಂದು ಅದೇ ಹಳಿಗೆ ಎದುರು ದಿಕ್ಕಿನಲ್ಲಿ ಸೇರಿದರೂ ಶಾರ್ಟ್ ಆಗುವುದಿಲ್ಲ. ಮಕ್ಕಳೇ ಹಳಿ ಜೋಡಿಸಿ, ಬೇಕಾದ ಹಾಗೆ ಸುತ್ತಿಸುತ್ತಾರೆ. ಆ ಸ್ವಾತಂತ್ರ್ಯಕ್ಕೋಸ್ಕರ ಮಧ್ಯದ ಹಳಿಯನ್ನು ನಾವು ಸಂತೋಷವಾಗಿ ಒಪ್ಪಿಕೊಂಡಿದ್ದೇವೆ.

ಬ್ರಿಟನ್ನಿನ ಓಓ ಅನ್ನುವ ಅಳತೆ ನೋಡಿ. ಬೋಗಿ 76ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ ಮಾತ್ರ ಎಚ್‌ಒದ 16.5 ಮಿಲಿಮೀಟರ್. ಲೆಕ್ಕದ ಪ್ರಕಾರ 18.83 ಇರಬೇಕಿತ್ತು. ಅಷ್ಟು ವ್ಯತ್ಯಾಸ ಇಟ್ಟುಕೊಂಡೇ ಒಂದು ಇಡೀ ದೇಶದ ಬಹುಪಾಲು ಹವ್ಯಾಸಿಗಳು ಖುಷಿಯಾಗಿ ರೈಲು ಓಡಿಸುತ್ತಿದ್ದಾರೆ.

ಜಾನ್ ಆ್ಯಲನ್ ಅವರ ಹೆಸರು ಇಲ್ಲಿ ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವರು ಕಟ್ಟಿದ ಗೋರಿ ಆ್ಯಂಡ್ ಡಿಫೀಟೆಡ್ ಲೇಔಟ್ ನಿಜದಂತೆ ಕಾಣುವ ಮಾಡೆಲಿಂಗಿಗೆ ದಾರಿ ತೋರಿಸಿತು. ಬೋಗಿಗೆ ಕೊಳೆ, ತುಕ್ಕು ಬಳಿಯುವ ಕಲೆ ಇಷ್ಟು ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ಅದೇ ಲೇಔಟಿನಲ್ಲಿ ಬೋಗಿ ಎಳೆಯಲು ಎಮ್ಮಾ ಅನ್ನುವ ಒಂದು ಡೈನೋಸಾರ್ ಇತ್ತು! ಸ್ಟೆಗೊಸಾರಸ್, ಇಂಜಿನ್ ಬದಲು. ಬೋಗಿಗಳನ್ನು ಇಕ್ಕಟ್ಟಿನ ಹಳಿಗಳಲ್ಲಿ ಹಿಂದೆಮುಂದೆ ಸರಿಸಿ ಜೋಡಿಸುವ ಟೈಮ್‌ಸೇವರ್ ಅನ್ನುವ ಆಟವೂ ಅವರದೇ. ಅಷ್ಟು ಶ್ರದ್ಧೆಯ ಕೆಲಸಗಾರ ಡೈನೋಸಾರಿಗೂ ಜಾಗ ಕೊಟ್ಟಿದ್ದರು ಅನ್ನುವುದು ನನಗೆ ಬಹಳ ಇಷ್ಟ. 1973ರಲ್ಲಿ ಅವರು ತೀರಿಕೊಂಡರು, ಕೆಲವೇ ದಿನಗಳಲ್ಲಿ ಲೇಔಟ್ ಬೆಂಕಿಗೆ ಆಹುತಿಯಾಯಿತು.

ನಿಮ್ಮ ಹಳದಿ ಬೋಗಿ ಹಳದಿಯಾಗಿಯೇ ಇರಲಿ ಅನ್ನಿಸಿದರೆ ಇರಲಿ ಬಿಡಿ. ಅದರಲ್ಲಿ ಏನು ಸಾಗಿಸಬೇಕು, ಎಲ್ಲಿ ಬಿಡಬೇಕು ಅಂತ ಒಂದು ಚೀಟಿ ಬರೆದು ಓಡಿಸಿ ನೋಡಿ. ಹಳಿಯಲ್ಲಿ ಸುಮ್ನೆ ಸುತ್ತುವುದಕ್ಕೂ ಆ ಕೆಲಸಕ್ಕೂ ತುಂಬಾ ವ್ಯತ್ಯಾಸ ಇದೆ.

---

ಉದ್ದನೆಯ ಗೂಡ್ಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಬೋಗಿ ತೂಗಿ ನೋಡಿದೆ, 62 ಗ್ರಾಂ! ಕೊಂಡಿ ಫ್ರೇಮಿಗೇ ಇದೆ, ನಿಧಾನ ಸಿಗ್ನಲ್ ಅವರು ಹೇಳಿದ ಹಾಗೇ. ಸದ್ಯಕ್ಕೆ ತೂಕ, ಆಮೇಲೆ ಚಕ್ರ.

ಎರಡು ಸಂದೇಹ. ಎಲ್ಲ ಕೊಂಡಿಯನ್ನೂ ಒಟ್ಟಿಗೆ ಬದಲಿಸಲು ಆಗುವುದಿಲ್ಲ, ಹಳೆಯದೂ ಹೊಸದೂ ಒಂದಕ್ಕೊಂದು ಸೇರುವುದಿಲ್ಲವಲ್ಲ, ಏನು ಮಾಡಲಿ? ಮತ್ತೆ, ಇದೇ ತಿರುವಿನಲ್ಲಿ 85 ಅಡಿಯ ಪ್ರಯಾಣಿಕರ ಬೋಗಿ ಓಡುತ್ತದಾ?

---

ರಿವೆಟ್ ಲೆಕ್ಕ:

85 ಅಡಿ ಬೋಗಿ ಎಚ್‌ಒದಲ್ಲಿ 30 ಸೆಂಟಿಮೀಟರ್ ಹತ್ತಿರ. ನಿಮ್ಮ ತಿರುವಿನ ತ್ರಿಜ್ಯ ಸುಮಾರು 46. ಬೋಗಿಯ ಉದ್ದದ ಮೂರು ಪಟ್ಟಾದರೂ ತ್ರಿಜ್ಯ ಇದ್ದರೆ ನಂಬಿ ಓಡಿಸಬಹುದು, ಅಂದರೆ 90 ಬೇಕು. ನಿಮ್ಮಲ್ಲಿ ಒಂದೂವರೆ ಪಟ್ಟು ಮಾತ್ರ ಇದೆ. ಬೇಡ. ಹಳೆಯ ಕಾಲದ 60 ಅಡಿ ಬೋಗಿಗಳು 21 ಸೆಂಟಿಮೀಟರ್ ಬರುತ್ತವೆ, ಎರಡು ಪಟ್ಟಿಗಿಂತ ತುಸು ಜಾಸ್ತಿ ಸಿಗುತ್ತದೆ. ನಿಧಾನವಾಗಿ ಓಡುತ್ತವೆ. ಉದ್ದ ಕತ್ತರಿಸಿದ ಮಾದರಿಗಳೂ ಸಿಗುತ್ತವೆ, ನಾನು ಕೊಳ್ಳುವುದಿಲ್ಲ, ಆದರೆ ನಿಮ್ಮ ತಿರುವಿಗೆ ಅವೂ ಸರಿಯೇ.

ತೂಕದ ವಿಷಯದಲ್ಲಿ ನಿಧಾನ ಸಿಗ್ನಲ್ ಅವರ ಮಾತು ನೂರಕ್ಕೆ ನೂರು ಸರಿ. ದುಬಾರಿ ಬೋಗಿಗಳನ್ನೂ ತೂಗಿಯೇ ಹಳಿಗೆ ಇಡಬೇಕು.

---

ನಿಧಾನ ಸಿಗ್ನಲ್:

ಕೊಂಡಿಗೆ ಸುಲಭ ದಾರಿ ಇದೆ. ಒಂದು ಬೋಗಿಯನ್ನು ಸೇತುವೆ ಮಾಡಿಕೊಳ್ಳಿ. ಅದರ ಒಂದು ತುದಿಗೆ ಹೊಸ ಕೊಂಡಿ, ಇನ್ನೊಂದು ತುದಿಗೆ ಹಳೆಯದು. ಇಂಜಿನ್ ಮತ್ತು ಅದರ ಹಿಂದಿನ ಬೋಗಿಗಳಿಗೆ ಮೊದಲು ಹೊಸ ಕೊಂಡಿ ಹಾಕಿ, ನಡುವೆ ಸೇತುವೆ ಬೋಗಿ, ಅದರ ಹಿಂದೆ ಹಳೆಯವು. ಹಿಂದಕ್ಕೆ ತಳ್ಳುವ ಕೆಲಸ ಇದ್ದಾಗ ಹಳೆಯ ಭಾಗವನ್ನು ಬಿಚ್ಚಿಟ್ಟು, ಮುಂದಿನ ಭಾಗ ಮಾತ್ರ ತಳ್ಳಿ. ಒಂದೊಂದೇ ಬೋಗಿ ಬದಲಾದ ಹಾಗೆ ಸೇತುವೆ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ.

62 ಗ್ರಾಂ ಇದ್ದರೆ ಇನ್ನು 40ರ ಆಸುಪಾಸು ಸೇರಿಸಬೇಕು. ವಾಷರ್ ಅಂಟಿಸುವ ಮೊದಲು ಅವನ್ನೂ ಛಾವಣಿಯನ್ನೂ ಬೋಗಿಯ ಜೊತೆ ತಕ್ಕಡಿಯಲ್ಲಿ ಇಟ್ಟು ತೂಗಿ. ಚಕ್ರ ಬದಲಿಸುವುದು ಹೇಗೂ ಇದೆ, ಲೋಹದ ಚಕ್ರದ ತೂಕಕ್ಕೆ ಕೆಲವು ಗ್ರಾಂ ಬಿಟ್ಟುಕೊಳ್ಳಿ.