ಎಮ್ಮೆ ಲೇಟು, ಕಾಪಿ ಲೇಟು

"‘ಸಕ್ಸೆಸ್ ಈಸ್ ಇಮಿಟೇಟ್.’ ಹೇಗಿದೆ?" ಎಂದ ಶಾಮಣ್ಣ.

ಜಗಲಿ ಮೇಲೆ ಯಾರೂ ಮಾತಾಡಲಿಲ್ಲ. ಮೇಷ್ಟ್ರು ಮಾತ್ರ ಹಲ್ಲುನೋವು ಬಂದವರ ಹಾಗೆ ಕೆನ್ನೆ ಹಿಡಿದುಕೊಂಡರು.

"ಮಹಡಿ ಮೇಲೆ ಗುಂಡನ ಟ್ಯೂಷನ್ ಶುಕ್ರವಾರ ಶುರು. ಫ್ಲೆಕ್ಸ್‌ನವನು ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ, ಮ್ಯಾಟರ್ ಕೊಡಿ ಮ್ಯಾಟರ್ ಕೊಡಿ ಅಂತ. ಗೆದ್ದವರನ್ನ ನೋಡಿ, ಅವರ ಹಾಗೇ ಮಾಡಿ, ನೀವೂ ಗೆಲ್ತೀರಿ. ಇಷ್ಟೇ ವಿಷಯ. ಇಂಗ್ಲಿಷಲ್ಲಿ ಒಂದು ಲೈನ್ ಆಗಬೇಕು."

"ಈಗ ಹೇಳಿದೆಯಲ್ಲ, ಅದನ್ನೇ ಹಾಕು," ಎಂದ ನಾಣಿ.

"ಅದು ಕನ್ನಡ."

"ಆದರೇನೀಗ?"

"ಕನ್ನಡದಲ್ಲಿ ಹಾಕಿದರೆ ಫೀಸು ಕಮ್ಮಿ ಮಾಡ್ಕೊಳ್ಳಿ ಅಂತಾರೆ ಕಣೋ."

"ಬೋರ್ಡಲ್ಲಿ ಶೇಕಡ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನೇ ಆಗಿದೆ. ಉಳಿದ 40ರಲ್ಲಿ ತಪ್ಪು ಇಂಗ್ಲಿಷ್ ಇರಲೇಬೇಕು ಅಂತ ಎಲ್ಲೂ ಬರೆದಿಲ್ಲ."

ಮೇಷ್ಟ್ರು ಕೆನ್ನೆಯಿಂದ ಕೈ ತೆಗೆದರು. "ಈಸ್ ಆದಮೇಲೆ ಬರೀ ಇಮಿಟೇಟ್ ನಿಲ್ಲೋದಿಲ್ಲ ಶಾಮಣ್ಣ. ಇಮಿಟೇಟೆಡ್ ಅನ್ನಬೇಕು. ಅಂದರೂ ಅರ್ಥ ಬೇರೆ. ಸಕ್ಸೆಸ್ಸನ್ನ ಯಾರೋ ನಕಲು ಮಾಡ್ತಿದ್ದಾರೆ ಅಂತಾಗುತ್ತೆ."

"ಹಂಗಾದರೆ ‘ಇಮಿಟೇಟ್ ದಿ ಸಕ್ಸೆಸ್’."

"‘ದಿ’ ಹಾಕಿದಮೇಲೆ ಯಾರ ಸಕ್ಸೆಸ್ಸು ಅಂತ ಹೇಳಬೇಕಾಗುತ್ತೆ. ಸುಮ್ನೆ ಗೆಲುವು ಅನ್ನೋದಕ್ಕೆ ‘ದಿ’ ಬೇಡ."

"ದಿ ಇರಲಿ, ಬಿಡಲಿ. ನಮ್ಮೂರಲ್ಲಿ ಇಮಿಟೇಷನ್ ಅಂದರೆ ಒಂದೇ ಅರ್ಥ," ಎಂದ ನಾಣಿ. "ಜಾತ್ರೇಲಿ ಸಿಗೋ ಬಳೆ. ನಾಲ್ಕು ಸಲ ನೀರು ತಾಗಿದರೆ ಕಪ್ಪಾಗುತ್ತೆ. ಮಳೆಗಾಲದಲ್ಲಿ ಗುಂಡನ ಟ್ಯೂಷನ್ನಿಗೆ ಯಾರು ಬರ್ತಾರೆ?"

ಅಷ್ಟರಲ್ಲಿ ಗುಂಡನೇ ಮಹಡಿ ಇಳಿದು ಬಂದ, ಕಣ್ಣು ಫೋನಿನಲ್ಲೇ ಇತ್ತು. "ಮಾಮ, ‘ಕಾಪಿ ಸಕ್ಸೆಸ್’ ಅಂತ ಹಾಕೋಣ. ಚಿಕ್ಕದು, ಕ್ಯಾಚಿ."

"ಟ್ಯೂಷನ್ ಬೋರ್ಡಲ್ಲಿ ಕಾಪಿ ಅಂತ ಬರೆದರೆ ಮೊದಲನೇ ದಿನವೇ ಸೀಟು ಫುಲ್ಲು. ಎರಡನೇ ದಿನ ಸ್ಕ್ವಾಡ್ ಬರುತ್ತೆ. ಸ್ಕ್ವಾಡ್ ಬರದಿದ್ದರೆ ಹಸಿದವರು ಹೋಟ್ಲು ಅಂದ್ಕೊಂಡು ಮಹಡಿ ಹತ್ತಿ ಬೈ ಟು ಕೇಳ್ತಾರೆ," ಎಂದ ನಾಣಿ.

ಕಾಪಿ ಅಂದದ್ದೇ ಎಲ್ಲರಿಗೂ ನಾಲಗೆ ಒಣಗಿತು. ಶಾಮಣ್ಣ ಬಾಗಿಲೊಳಗೆ ತಲೆ ಹಾಕಿ, "ಲೇ, ಕಾಪಿ ಏನಾಯ್ತೇ?" ಎಂದ. "ಹಾಲು ಬಂದಿಲ್ಲ, ಸುಮ್ನಿರಿ," ಎಂದು ಸರೋಜಮ್ಮನ ದನಿ ಬಂತು.

ಗುಂಡ ಫೋನಿನಲ್ಲಿ ಏನೋ ಒತ್ತಿ, ಎದ್ದು ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ: "ಸಿಕ್ತು! ಎಮ್ಯುಲೇಟ್!"

"ಹೂಂ ಕಣೋ, ಎಮ್ಮೆ ಲೇಟೇ!" ಒಳಗಿನಿಂದ ಸರೋಜಮ್ಮ. "ರಂಗಮ್ಮನ ಎಮ್ಮೆ ಮೇಯೋಕೆ ಹೋಗಿದ್ದು ಇನ್ನೂ ವಾಪಸ್ ಬಂದಿಲ್ಲವಂತೆ. ನಿನಗೆ ಹೇಗೋ ಗೊತ್ತಾಯ್ತು?"

ನಾಣಿ ನಕ್ಕು ನಕ್ಕು ಕಂಬ ಹಿಡಿದುಕೊಂಡ. ಮೇಷ್ಟ್ರ ಮುಖ ಮಾತ್ರ ಅರಳಿತು. ಎಷ್ಟೋ ದಿನದ ಮೇಲೆ ಅವರ ಕಡೆಗೆ ಒಂದು ಒಳ್ಳೇ ಪದ ಬಂದಿತ್ತು.

"ಚೆನ್ನಾಗಿದೆ ಕಣೋ ಅದು. ಇಮಿಟೇಟ್ ಅಂದರೆ ಅವನು ಮಾಡಿದ ಹಾಗೇ ಮಾಡೋದು. ಏಪ್ ಅಂದರೆ ಕೋತಿ ಥರ ಅಣಕಿಸೋದು. ಎಮ್ಯುಲೇಟ್ ಅಂದರೆ ಅವನಷ್ಟೇ ಆಗಬೇಕು, ಸಾಧ್ಯವಾದರೆ ಅವನನ್ನೂ ಮೀರಿಸಬೇಕು ಅಂತ ಮಾಡೋದು. ಲ್ಯಾಟಿನ್ನಲ್ಲಿ ಏಮುಲಸ್ ಅಂದರೆ ಪೈಪೋಟಿಗೆ ನಿಂತವನು."

"ನಮಗೆ ಎಮ್ಯುಲೇಟರ್ ಅಂದರೆ ಫೋನಿನ ಗೇಮ್ ಕಂಪ್ಯೂಟರಲ್ಲಿ ಆಡೋದು," ಎಂದ ಗುಂಡ. ಹೇಳುತ್ತಲೇ ಫ್ಲೆಕ್ಸ್‌ನವನಿಗೆ ಫೋನ್ ಮಾಡಿ ಪದ ಒಪ್ಪಿಸಿಯೂ ಆಯಿತು.

ಐದು ನಿಮಿಷಕ್ಕೆ ವಾಟ್ಸಾಪಿನಲ್ಲಿ ಪ್ರೂಫ್ ಬಂತು. ಟೈ ಕಟ್ಟಿದವನೊಬ್ಬ ಬೆಟ್ಟದ ತುದಿಯಲ್ಲಿ ಮುಷ್ಟಿ ಎತ್ತಿ ನಿಂತಿದ್ದಾನೆ. ಹಿಂದೆ ಸೂರ್ಯ. ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ: ‘ಎಮ್ಮೆ ಲೇಟ್ ಸಕ್ಸೆಸ್’.

"ಇದನ್ನೇ ಇಟ್ಕೋ ಶಾಮಣ್ಣ," ಎಂದ ನಾಣಿ. "ಎಮ್ಮೆ ಲೇಟಾದರೂ ಸಕ್ಸೆಸ್. ಈ ಸೀಮೆಯ ದಡ್ಡ ಹುಡುಗರ ಅಪ್ಪಂದಿರೆಲ್ಲ ಅಡ್ವಾನ್ಸ್ ಹಿಡಕೊಂಡು ಬರ್ತಾರೆ."

ಗುಂಡನಿಗೆ ಸಿಟ್ಟು ಬಂತು. "ನಿಮಗೆಲ್ಲ ತಮಾಷೆ. ಸಕ್ಸೆಸ್‌ಫುಲ್ ಜನ ಬೆಳಗಿನ ಜಾವ ಐದಕ್ಕೆ ಎದ್ದು ತಣ್ಣೀರು ಸ್ನಾನ ಮಾಡ್ತಾರೆ. ನಾನೂ ಮಾಡ್ತಿದೀನಿ, ಹನ್ನೊಂದು ದಿನ ಆಯ್ತು."

"ಏನು ಬಂತು?"

"ನೆಗಡಿ," ಎಂದ ಶಾಮಣ್ಣ.

"ರಂಗಮ್ಮ ನಾಲ್ಕಕ್ಕೇ ಏಳ್ತಾಳೆ ಕಣಪ್ಪ, ನಾನು ಚಡ್ಡಿ ಹಾಕೋ ಕಾಲದಿಂದ. ಅವಳ ಫೋಟೋ ಯಾರೂ ಸ್ಟೇಟಸ್ಸಿಗೆ ಹಾಕಿಲ್ಲ," ಎಂದ ನಾಣಿ. "ನೋಡು, ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಕತ್ತು ಮುಚ್ಚೋ ಕಪ್ಪು ಅಂಗಿ ಹಾಕ್ತಿದ್ದ. ಅಮೆರಿಕದಲ್ಲೇ ಎಲಿಜಬೆತ್ ಹೋಮ್ಸ್ ಅನ್ನೋಳು ಅಂಥದ್ದೇ ಅಂಗಿ ಹಾಕ್ಕೊಂಡಳು. 2003ರಲ್ಲಿ ಕಂಪನಿ ತೆಗೆದಳು. ಬೆರಳ ತುದಿಯ ಎರಡು ಹನಿ ರಕ್ತ ಸಾಕು, ರಾಶಿ ಟೆಸ್ಟ್ ಮಾಡ್ತೀನಿ ಅಂದಳು. ಅಂಗಿ ಸರಿಯಾಗೇ ಇತ್ತು. ಮಿಷನ್ನು ಸರಿಯಿರಲಿಲ್ಲ. ದುಡ್ಡು ಹಾಕಿದವರಿಗೆ ಮೋಸ ಮಾಡಿದಳು ಅಂತ 2022ರಲ್ಲಿ 11 ವರ್ಷಕ್ಕೂ ಜಾಸ್ತಿ ಜೈಲು. ಇದನ್ನೇ ನಮ್ಮವರು ಹುಲಿ ಬಣ್ಣಕ್ಕೆ ನರಿ ಮೈ ಸುಟ್ಕೊಂಡ ಹಾಗೆ ಅಂದದ್ದು."

"ಆಹಾ, ಅದನ್ನೇ ಹಾಕೋಣ!" ಎಂದ ಶಾಮಣ್ಣ.

"ಯಾವುದನ್ನ, ನರಿನಾ?"

ಶಾಮಣ್ಣ ಯೋಚಿಸಿದ. "ಹೋಗಲಿ, ನವಿಲು ಇದೆಯಲ್ಲ. ನವಿಲು ಕುಣೀತು ಅಂತ..."

"ಕೆಂಬೂತ ಕುಣೀತು. ಅಲ್ಲಿಗೆ ಮುಗೀತು ನಿನ್ನ ಅಡ್ಮಿಷನ್ನು. ಇನ್ನೊಬ್ಬರನ್ನ ನೋಡಿ ಮಾಡೋರಿಗೆ ಕನ್ನಡದಲ್ಲಿ ಇರೋದೆಲ್ಲ ಬೈಗುಳವೇ ಮಾರಾಯ. ಆ ಕೆಂಬೂತದ ಕಥೆ ನೋಡು. ನಮ್ಮ ಹಿತ್ತಲಲ್ಲೇ ಒಂದಿದೆ. ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು, ತೆಂಗಿನ ಮರದ ಮರೆಯಿಂದ ಊಪ್ ಊಪ್ ಅಂತ ಕೂಗುತ್ತೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅದು ಯಾರನ್ನೋ ನೋಡಿ ಪುಕ್ಕ ಕೆದರಿ ಕುಣಿದದ್ದು ನಾನು ಕಂಡಿಲ್ಲ. ತನ್ನ ಪಾಡಿಗೆ ಹುಳ ಹೆಕ್ಕುತ್ತೆ. ಗಾದೆ ಕಟ್ಟಿದವರು ಸುಮ್ನೆ ಅದರ ಹೆಸರು ಕೆಡಿಸಿದರು."

"ಸಕ್ಸೆಸ್ಸನ್ನೇ ಬಿಟ್ಟುಬಿಡಿ," ಎಂದರು ಮೇಷ್ಟ್ರು. "ಅದರ ಮೂಲದಲ್ಲೇ ಹಿಂದೆ ಬರೋದು ಅನ್ನೋ ಅರ್ಥ ಇದೆ. ಮೊದಮೊದಲು ಇಂಗ್ಲಿಷರು ಒಳ್ಳೇ ಸಕ್ಸೆಸ್ ಅಂತಲೂ ಹೇಳ್ತಿದ್ದರು, ಕೆಟ್ಟ ಸಕ್ಸೆಸ್ ಅಂತಲೂ ಹೇಳ್ತಿದ್ದರು. ಮಾಡಿದ್ದರ ಹಿಂದೆ ಏನು ಬಂತೋ ಅದು."

"ಅಂದರೆ ಅದು ನಮ್ಮ ಹಿಂದೆ ಬರ್ತಾ ಇದೆ. ನಾವು ಅದರ ಹಿಂದೆ ಹೋಗ್ತಾ ಇದೀವಿ. ಗಾಣದ ಎತ್ತಿಗೆ ಇಂಗ್ಲಿಷ್ ಹೆಸರು ಸಿಕ್ಕಿದ ಹಾಗಾಯ್ತು."

ಮೇಷ್ಟ್ರು ನಗಲಿಲ್ಲ. ಅವರಿಗೆ ಇನ್ನೇನೋ ನೆನಪಾಗಿತ್ತು.

"ಕಾಪಿ ಅಂದದ್ದಕ್ಕೆ ನಕ್ಕಿರಲ್ಲ. 34 ವರ್ಷ ನಾನು ಮಕ್ಕಳ ಹತ್ತಿರ ಬರೆಸಿದ್ದು ಕಾಪಿಯೇ. ನಾಲ್ಕು ಗೆರೆ ಪುಸ್ತಕ. ಮೇಲಿನ ಸಾಲು ನಾನು ಬರೆದುಕೊಡೋದು, ಕೆಳಗೆ ಹತ್ತು ಸಲ ಅವರು. ಮೊದಲನೇ ಸಾಲು ಮುತ್ತಿನ ಹಾಗಿರೋದು. ಐದನೇದಕ್ಕೆ ಬಂದರೆ ‘ಜಿ’ಯ ಬಾಲ ಉದುರಿರೋದು. ಹತ್ತನೇದು ಇಂಗ್ಲಿಷೇ ಅಲ್ಲ. ಯಾಕೆ ಹೀಗೆ ಅಂತ ಎಷ್ಟೋ ವರ್ಷ ಹೊಳೆದಿರಲಿಲ್ಲ. ಒಂದು ದಿನ ಬೆಂಚಿನ ಹಿಂದೆ ನಿಂತು ನೋಡಿದೆ. ಅವರು ನನ್ನ ಸಾಲು ನೋಡ್ತಾನೇ ಇರಲಿಲ್ಲ. ತಾವು ಈಗಷ್ಟೇ ಬರೆದದ್ದನ್ನ ನೋಡ್ಕೊಂಡು ಬರೀತಿದ್ದರು."

"ಅದಕ್ಕೇ ಕೆಳಗಿನ ಸಾಲಿಂದ ಮೇಲಕ್ಕೆ ಬರೆಸಿದಿರಿ," ಎಂದ ನಾಣಿ. "ನಮ್ಮ ಕ್ಲಾಸಿಗೇ. ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ವಿ."

"ಗೊತ್ತು. ನಿಮ್ಮಪ್ಪ ಬಂದು ಕೇಳಿದ್ದರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾಣಿ ಜೇಬಿನಿಂದ ಪೆನ್ನು ತೆಗೆದ. ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ಮದುವೆ ಕಾಗದದ ಕವರನ್ನು ಎಳೆದು, ಹಿಂದುಮುಂದು ಮಾಡಿ ಮೇಷ್ಟ್ರ ಮುಂದಿಟ್ಟ.

"ಮೇಲಿನ ಸಾಲು ನೀವೇ ಬರೆದುಕೊಡಿ ಮೇಷ್ಟ್ರೇ. ಎಮ್ಮೆಯೂ ಬೇಡ, ಬಳೆಯೂ ಬೇಡ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ‘ಲರ್ನ್ ಫ್ರಮ್ ದೋಸ್ ಹೂ ಹ್ಯಾವ್ ಸಕ್ಸೀಡೆಡ್.’ ಕೈ ನಡುಗುತ್ತಿತ್ತು. ಆದರೂ ‘ಎಲ್’ ಸುತ್ತಿ ಬಂದು ಗೆರೆಯೇ ಇಲ್ಲದ ಕವರಿನ ಮೇಲೆ ಗೆರೆ ಇದ್ದ ಹಾಗೆ ನಿಂತಿತು. ‘ಎಫ್’ ನೋಡಿ ನಾಣಿ ತನ್ನ ಅಂಗೈ ನೋಡಿಕೊಂಡ. ಬ್ಯಾಂಕಿನ ಚೀಟಿಯಲ್ಲಿ ಅವನು ಬರೆಯುವ ‘ಎಫ್’ ಅದೇ. ಅಷ್ಟು ಚೆನ್ನಾಗಿಲ್ಲ.

"ಇಷ್ಟೇನಾ? ತುಂಬ ಸಿಂಪಲ್ ಆಯ್ತಲ್ಲ ಮೇಷ್ಟ್ರೇ," ಎಂದ ಶಾಮಣ್ಣ.

"ಓದಿದರೆ ಅರ್ಥ ಆಗುತ್ತೆ. ಅದೊಂದೇ ಇದರ ದೋಷ," ಎಂದ ನಾಣಿ.

ಗುಂಡ ಫೋಟೋ ಹೊಡೆದು ಕಳಿಸಿದ. ಸರೋಜಮ್ಮ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬರುವುದಕ್ಕೂ ಫ್ಲೆಕ್ಸ್‌ನವನ ಫೋನ್ ಬರುವುದಕ್ಕೂ ಸರಿಹೋಯಿತು. ಗುಂಡ ಸ್ಪೀಕರಿಗೆ ಹಾಕಿದ.

"ಮ್ಯಾಟರ್ ಬಂತು ಸಾರ್. ಆದರೆ ಈ ಫಾಂಟು ನಮ್ಮ ಸಿಸ್ಟಮ್ಮಲ್ಲಿ ಇಲ್ಲ. ಹೆಸರೇನು ಹೇಳಿ, ಡೌನ್‌ಲೋಡ್ ಮಾಡ್ಕೋತೀನಿ."

ನಾಣಿ ಮೇಷ್ಟ್ರ ಕಡೆ ನೋಡಿದ. ಅವರಿಗೆ ಫೋನಿನ ಮಾತು ಕೇಳಿಸಿರಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದು, ಕಾಪಿಯ ನೊರೆಯನ್ನು ಮೆಲ್ಲಗೆ ಊದುತ್ತಿದ್ದರು.

"ಅಂತೂ ಎಮ್ಮೆ ಬಂತೇನಮ್ಮ?" ಎಂದರು.