ಚಿತ್ರ, ನಾಟಕ, ಹಾಡುಗಳ ಮೂಲಕ ಪಾಠ: ಮಕ್ಕಳು ವಿಷಯವನ್ನು ಕಲಿಯುತ್ತಿದ್ದಾರೆಯೇ?

ಪ್ರಶ್ನೆ (ಗಣಿತ, ವಿಜ್ಞಾನ ಶಿಕ್ಷಕಿ)

ನಾನು ಐದು ಮತ್ತು ಆರನೆಯ ತರಗತಿಯ ಮಕ್ಕಳಿಗೆ ಗಣಿತ ಹಾಗೂ ವಿಜ್ಞಾನವನ್ನು ಬೋಧಿಸುತ್ತೇನೆ. ಪಾಠಗಳಲ್ಲಿ ಚಿತ್ರ, ಹಾಡು, ನಾಟಕಗಳನ್ನು ಬಳಸತೊಡಗಿದ ಮೇಲೆ ತರಗತಿಯಲ್ಲಿ ಲವಲವಿಕೆ ಹೆಚ್ಚಿದೆ; ಬಾಯಿ ಬಿಡಲು ಅಂಜುತ್ತಿದ್ದ ಮಕ್ಕಳೂ ಮುಂದೆ ಬರುತ್ತಿದ್ದಾರೆ. ಆದರೆ ಜಲಚಕ್ರದ ನಾಟಕದಲ್ಲಿ ಮೋಡದ ಪಾತ್ರವನ್ನು ಸೊಗಸಾಗಿ ಅಭಿನಯಿಸಿದ ಮಗುವನ್ನೇ, ಆವಿ ಮತ್ತೆ ನೀರಾಗುವುದು ಏಕೆ ಎಂದು ಕೇಳಿದರೆ, ಉತ್ತರವು ನಾಟಕದ ಸಂಭಾಷಣೆಯನ್ನು ದಾಟಿ ಮುಂದೆ ಹೋಗುವುದಿಲ್ಲ. ಇದರಿಂದ ಸಮಯ ಹಾಳು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಈ ವಿಧಾನದಲ್ಲಿ ನನಗೆ ನಂಬಿಕೆಯಿದೆ, ಬಿಡುವ ಮನಸ್ಸಿಲ್ಲ. ಯಾವ ಪಾಠಕ್ಕೆ ಯಾವ ಕಲೆ ಒಗ್ಗುತ್ತದೆ ಎಂದು ನಿರ್ಧರಿಸುವುದು ಹೇಗೆ? ಚಿತ್ರ ಬರೆಯಲು ಬಾರದ ಮಗುವಿಗೆ ಅನ್ಯಾಯವಾಗದಂತೆ ಕಲಿಕೆಯನ್ನು ಅಳೆಯುವುದು ಹೇಗೆ?

ಉತ್ತರ 1 (ಪ್ರೌಢಶಾಲೆಯ ಗಣಿತ ಶಿಕ್ಷಕ)

ಮೇಡಂ, ಚಟುವಟಿಕೆಯನ್ನು ಆರಿಸುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಮಗು ವಿಷಯವನ್ನು ತಪ್ಪಾಗಿ ತಿಳಿದಿದ್ದರೆ ಅದು ಮಾಡಿದ ಕೃತಿಯೂ ಕೆಡುತ್ತದೆಯೇ? ಕೆಡುವುದಾದರೆ ಆ ಚಟುವಟಿಕೆಯೊಳಗೆ ಪಾಠವಿದೆ. ಇಲ್ಲವಾದರೆ ಅದು ಪಾಠಕ್ಕೆ ತೊಡಿಸಿದ ಅಲಂಕಾರ. ಮಗ್ಗಿಯನ್ನು ರಾಗವಾಗಿ ಹಾಡಿಸಿದರೆ ಬಾಯಿಪಾಠಕ್ಕೆ ಅನುಕೂಲವಾಗಬಹುದು, ಗುಣಾಕಾರವೆಂದರೇನು ಎಂಬುದು ಅದರಿಂದ ತಿಳಿಯುವುದಿಲ್ಲ.

ಇದಕ್ಕೆ ಬದಲಾಗಿ, ಒಂದೇ ಅಳತೆಯ ನಿಯಮಿತ ಬಹುಭುಜಾಕೃತಿಗಳನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ, ಸಂದು ಉಳಿಯದಂತೆ ಜೋಡಿಸಿ ವಿನ್ಯಾಸ ರಚಿಸಲು ಹೇಳಿ. ಸಮಬಾಹು ತ್ರಿಭುಜ, ಚೌಕ, ಷಡ್ಭುಜಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಪಂಚಭುಜ ಮಾತ್ರ ಹಟ ಹಿಡಿಯುತ್ತದೆ. ಅದರ ಪ್ರತಿ ಕೋನ 108 ಡಿಗ್ರಿ. ಮೂರು ಸೇರಿದರೆ 324 ಆಗಿ 36 ಡಿಗ್ರಿಯ ಸಂದು ಉಳಿಯುತ್ತದೆ, ನಾಲ್ಕನೆಯದಕ್ಕೆ ಜಾಗವಿಲ್ಲ. ಇದೇಕೆ ಕೂಡುತ್ತಿಲ್ಲ ಎಂದು ಮಗುವೇ ಕೇಳುವವರೆಗೆ ಶಿಕ್ಷಕರು ಸುಮ್ಮನಿರಬೇಕು. ಹಾಗೆ ಸುಮ್ಮನಿರುವುದು ಸುಲಭವಲ್ಲ.

ತಾಳವನ್ನೂ ಹೀಗೆಯೇ ಬಳಸಬಹುದು. ತರಗತಿಯನ್ನು ಎರಡು ಗುಂಪು ಮಾಡಿ, ಎಲ್ಲರೂ ಒಂದೇ ಲಯದಲ್ಲಿ ಎಣಿಸುತ್ತಿರುವಾಗ ಒಂದು ಗುಂಪು ಪ್ರತಿ ನಾಲ್ಕನೆಯ ಎಣಿಕೆಗೆ, ಇನ್ನೊಂದು ಪ್ರತಿ ಆರನೆಯ ಎಣಿಕೆಗೆ ಚಪ್ಪಾಳೆ ತಟ್ಟಲಿ. ಎರಡೂ ಚಪ್ಪಾಳೆ ಮೊದಲು ಒಟ್ಟಿಗೆ ಬೀಳುವುದು ಎಲ್ಲಿ ಎಂದು ಮೊದಲೇ ಊಹಿಸಲು ಹೇಳಿದರೆ, ಗುಣಿಸಿ ಉತ್ತರ ಹೇಳುವ ಅಭ್ಯಾಸವಿರುವವರು 24 ಎನ್ನುತ್ತಾರೆ, ಕೈಗಳು ಮಾತ್ರ 12ರಲ್ಲೇ ಕೂಡುತ್ತವೆ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂದರೆ ಬರಿಯ ಗುಣಲಬ್ಧವಲ್ಲ ಎಂಬುದು ಆಗ ಕಿವಿಗೇ ತಿಳಿಯುತ್ತದೆ. ತಂತಿವಾದ್ಯ ಸಿಕ್ಕರೆ ಭಿನ್ನರಾಶಿಯನ್ನೂ ಕೇಳಿಸಬಹುದು: ಬಿಗಿತ ಬದಲಾಗದಂತೆ ತಂತಿಯ ಅರ್ಧ ಉದ್ದವನ್ನು ಮಾತ್ರ ಮೀಟಿದರೆ ಮೇಲಿನ ಷಡ್ಜ (ಸ), ಮೂರರಲ್ಲಿ ಎರಡು ಭಾಗವನ್ನು ಮೀಟಿದರೆ ಪಂಚಮ (ಪ) ಕೇಳಿಸುತ್ತದೆ.

ಉತ್ತರ 2 (ವಿಜ್ಞಾನ ಶಿಕ್ಷಕಿ, ಮಕ್ಕಳ ನಾಟಕಗಳಲ್ಲಿ ಆಸಕ್ತಿ)

ನಿಮ್ಮ ಜಲಚಕ್ರದ ನಾಟಕವನ್ನು ಕೈಬಿಡಬೇಡಿ. ಮಕ್ಕಳಿಗೆ ಸಂಭಾಷಣೆಯ ಬದಲು ನಿಯಮಗಳನ್ನು ಕೊಟ್ಟು ನೋಡಿ. ಪ್ರತಿ ಮಗುವೂ ನೀರಿನ ಒಂದು ಅಣು. ನೀವು ತಟ್ಟುವ ಚಪ್ಪಾಳೆಯ ವೇಗವೇ ಉಷ್ಣತೆ. ವೇಗ ಹೆಚ್ಚಿದಾಗ ಯಾರೂ ಯಾರ ಕೈಯನ್ನೂ ಹಿಡಿಯುವಂತಿಲ್ಲ, ವೇಗ ತಗ್ಗಿ ನಡಿಗೆ ನಿಧಾನವಾದಾಗ ಹತ್ತಿರ ಬಂದವರು ಕೈ ಹಿಡಿದುಕೊಳ್ಳಬೇಕು. ಯಾರೂ ಹೇಳಿಕೊಡದೆಯೇ ಗುಂಪುಗಳು ಕಟ್ಟಿಕೊಳ್ಳುತ್ತವೆ. ಆ ಕ್ಷಣದಲ್ಲಿ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಈಗ ಏನಾಯಿತು, ಏಕಾಯಿತು ಎಂದು ಕೇಳಿ. ಆವಿ ನೀರಾಗುವ ಈ ಕ್ರಿಯೆಗೆ ಸಾಂದ್ರೀಕರಣ ಎಂಬ ಹೆಸರನ್ನು ಅನಂತರ ಕೊಟ್ಟರೆ ಸಾಕು.

ಕೊನೆಗೆ, ನಮ್ಮ ನಾಟಕ ನಿಜಕ್ಕಿಂತ ಎಲ್ಲಿ ಬೇರೆಯಾಗಿದೆ ಎಂದು ಕೇಳುವುದನ್ನು ದಯವಿಟ್ಟು ಮರೆಯಬೇಡಿ. ಅಣುಗಳಿಗೆ ಇಚ್ಛೆಯಿಲ್ಲ, ಬಿಸಿಯಾದಾಗ ಅವು ತಾವೇ ಉಬ್ಬುವುದಿಲ್ಲ, ಅವುಗಳ ನಡುವಿನ ಅಂತರ ಹೆಚ್ಚುತ್ತದೆ. ಅಭಿನಯವು ಇಂಥ ತಪ್ಪು ಕಲ್ಪನೆಗಳನ್ನು ಬಿತ್ತಬಹುದು, ಹಾಗೆಯೇ ಅವುಗಳನ್ನು ಹೊರಗೆಡವಲೂಬಹುದು.

ಚಿತ್ರದ ಬಗ್ಗೆಯೂ ಒಂದು ಮಾತು. 1609ರಲ್ಲಿ ಗೆಲಿಲಿಯೋ ದೂರದರ್ಶಕದಲ್ಲಿ ಚಂದ್ರನನ್ನು ನೋಡಿದಾಗ ಕಂಡದ್ದು ಬೆಳಕು ಮತ್ತು ಕಪ್ಪಿನ ಮಚ್ಚೆಗಳು. ಅವು ಬೆಟ್ಟಗಳ ನೆರಳೆಂದು ಗುರುತಿಸಲು ಅವನ ಚಿತ್ರಕಲೆಯ ಅರಿವೂ ನೆರವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಎಲೆಯೊಂದನ್ನು ಎದುರಿಗಿಟ್ಟುಕೊಂಡು ನಾಳಗಳನ್ನು ಬರೆಯುವ ಮಗುವೂ, ಬರೆಯಬೇಕಾಗಿರುವುದರಿಂದಲೇ, ಮತ್ತೆ ಮತ್ತೆ ಎಲೆಯನ್ನು ನೋಡುತ್ತದೆ.

ಉತ್ತರ 3 (ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವರು)

ಮೌಲ್ಯಮಾಪನದಲ್ಲಿ ರೇಖೆಯ ಅಂದಕ್ಕೆ ಅಂಕ ಬೇಡ. ಬೇರು, ಕಾಂಡ, ಎಲೆಗಳ ಸಂಬಂಧ ಸರಿಯಾಗಿದೆಯೇ, ಬಾಣದ ಗುರುತುಗಳು ಸರಿಯಾದ ದಿಕ್ಕಿನಲ್ಲಿವೆಯೇ, ಮಗು ತನ್ನ ಚಿತ್ರವನ್ನು ತಾನೇ ವಿವರಿಸಬಲ್ಲದೇ ಎಂಬುದನ್ನು ನೋಡಿ, ಮತ್ತು ಏನನ್ನು ನೋಡುತ್ತೀರೆಂದು ಮಕ್ಕಳಿಗೆ ಮೊದಲೇ ತಿಳಿಸಿ.

ಸಹೋದ್ಯೋಗಿಗಳೊಡನೆ ಮಾತನಾಡುವಾಗ ಇರುವುದಕ್ಕಿಂತ ಹೆಚ್ಚಿನದನ್ನು ಹೇಳದಿರುವುದು ಒಳಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಝೀರೋ ಎಂಬ ಶಿಕ್ಷಣ ಸಂಶೋಧನಾ ಸಂಸ್ಥೆಯ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲಂಡ್ ಅವರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2000ದಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ತರಗತಿಯ ನಾಟಕವು ಮಕ್ಕಳ ಭಾಷಾ ಸಾಮರ್ಥ್ಯವನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿತು. ಕಲೆಯನ್ನು ಕಲಿತರೆ ಉಳಿದ ವಿಷಯಗಳ ಅಂಕಗಳು ತಾವಾಗಿಯೇ ಏರುತ್ತವೆ ಎಂಬುದಕ್ಕೆ ಸಿಗಲಿಲ್ಲ. ಆದ್ದರಿಂದ ಪ್ರತಿ ಚಟುವಟಿಕೆಯೂ ತನ್ನ ಪಾಠದ ಮಟ್ಟಿಗೆ ತನ್ನ ಉಪಯೋಗವನ್ನು ತೋರಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಅಣುಗಳ ಆಟವನ್ನು ಮುಂದಿನ ಪಾಠದಲ್ಲೇ ಮಾಡಿಸುತ್ತೇನೆ. ಆದರೆ ಒಂದೇ ಅವಧಿಯಲ್ಲಿ ಅಭಿನಯ, ಚರ್ಚೆ ಎರಡಕ್ಕೂ ಸಮಯ ಸಾಲುತ್ತದೆಯೇ?

ಉತ್ತರ 2ರ ಶಿಕ್ಷಕಿ

ಸಾಲುತ್ತದೆ ಮೇಡಂ. ಸಮಯವನ್ನು ನುಂಗುವುದು ವೇಷಭೂಷಣ ಮತ್ತು ಪೂರ್ವಾಭ್ಯಾಸ. ಈ ಆಟಕ್ಕೆ ಎರಡೂ ಬೇಕಿಲ್ಲ. ಹತ್ತು ನಿಮಿಷ ಆಡಿಸಿ, ಉಳಿದ ಸಮಯವನ್ನು ಮಾತಿಗೆ ಬಿಡಿ, ಮತ್ತು ಕೊನೆಯ ಐದು ನಿಮಿಷಗಳಲ್ಲಿ ಪ್ರತಿ ಮಗುವೂ ತಣ್ಣನೆಯ ಲೋಟದ ಹೊರಮೈಯಲ್ಲಿ ಹನಿಗಳು ಮೂಡುವುದೇಕೆ ಎಂದು ತನ್ನದೇ ಮಾತಿನಲ್ಲಿ ಬರೆಯಲಿ. ಲೋಟದ ವಿಚಾರ ನಾಟಕದಲ್ಲಿ ಬಂದಿರುವುದಿಲ್ಲವಾದ್ದರಿಂದ, ಯಾರಿಗೆ ಅರ್ಥವಾಗಿದೆ, ಯಾರಿಗೆ ಇನ್ನೊಮ್ಮೆ ಹೇಳಬೇಕು ಎಂಬುದು ಆ ಬರಹದಲ್ಲೇ ಗೊತ್ತಾಗುತ್ತದೆ.